ಹೊಸ್ತಿಲು ದಾಟದ ಬೂಟುಗಳು

ನಮ್ಮ ಮನೆಯವರಿಗೆ ಕುದುರೆ ಹತ್ತುವುದಕ್ಕೆ ಬರುತ್ತಿರಲಿಲ್ಲ. ಹತ್ತಿದವರು ಬೀಳದ ಹಾಗೆ ನೋಡಿಕೊಳ್ಳುವುದು ಅವರ ಕೆಲಸ. ಕುಣಿಗಲ್ ಹತ್ತಿರ ಒಬ್ಬ ಸಾಹೇಬರ ಖಾಸಗಿ ಕುದುರೆ ಲಾಯ ಇತ್ತು. ಮಿಲಿಟರಿಯಿಂದ ನಿವೃತ್ತರಾಗಿ ಬಂದ ಅವರು ಆಸೆಪಟ್ಟವರಿಗೆ ಸವಾರಿ ಕಲಿಸುತ್ತಿದ್ದರು. ಅಲ್ಲಿಯ ಜೀನು, ಲಗಾಮು, ಹೊಟ್ಟೆಪಟ್ಟಿ, ಮೊಣಕಾಲುದ್ದದ ಬೂಟು, ಹೀಗೆ ತೊಗಲಿನದು ಏನೇನಿದೆಯೋ ಅಷ್ಟನ್ನೂ ಒರೆಸಿ, ಸೋಪು ಹಚ್ಚಿ, ಎಣ್ಣೆ ಕುಡಿಸಿ, ಹೊಲಿಗೆ ಬಿಟ್ಟಲ್ಲಿ ಹೊಲಿದು ಇಡುವುದು ಇವರ ಪಾಲಿಗೆ ಬಂದಿತ್ತು. ಎಪ್ಪತ್ತರ ದಶಕದಲ್ಲಿ ಆ ಮನೆ ಸೇರಿದ ನಾನು ಕಂಡದ್ದಿಷ್ಟು: ಕುದುರೆಯಿಂದ ನಮಗೆ ಒಂದು ದಿನವೂ ತೊಂದರೆ ಆಗಲಿಲ್ಲ. ಫಜೀತಿಯೆಲ್ಲ ಅದರ ಮೇಲೆ ಹಾಕುವ ತೊಗಲಿನಿಂದಲೇ. ಒಂದು ಮುಗಿಯಿತಪ್ಪಾ ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತಿತ್ತು.

ಒಪ್ಪಿಗೆ

ನನ್ನ ತವರು ತುಮಕೂರಿನ ಬಟವಾಡಿ. ಅಪ್ಪನದು ಕಿರಾಣಿ ಅಂಗಡಿ. ಹೆಣ್ಣು ನೋಡುವುದಕ್ಕೆ ಇವರು ಒಬ್ಬರೇ ಬಸ್ಸಿಳಿದು ಬಂದರು. ಬಿಳಿ ಶರಟು, ತಲೆಗೆ ಎಣ್ಣೆ, ಹಣೆಗೆ ವಿಭೂತಿ, ಎಲ್ಲ ಸರಿಯಾಗಿಯೇ ಇತ್ತು. ಆದರೆ ತೊಗಲಿಗೆ ಹಚ್ಚುವ ಎಣ್ಣೆ ಇದೆಯಲ್ಲ, ಅದು ದನದ ಕಾಲಿನ ಮೂಳೆ, ಗೊರಸು ಕುದಿಸಿ ತೆಗೆದದ್ದು. ಎಷ್ಟು ಸಲ ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಅದರ ವಾಸನೆ ಉಳಿದೇ ಇರುತ್ತದೆ. ನಮಗೆ ಗೊತ್ತಾಗುವುದಿಲ್ಲ, ನಾಯಿಗಳಿಗೆ ಗೊತ್ತಾಗುತ್ತದೆ.

ಅಪ್ಪ ಬಾಗಿಲಿಗೆ ಹೋಗಿ ನೋಡಿದರೆ ಹುಡುಗನ ಹಿಂದೆ ಬಸ್ ಸ್ಟಾಪಿನ ನಾಯಿಗಳೆಲ್ಲ ದಿಬ್ಬಣ ಬಂದ ಹಾಗೆ ಬಂದಿವೆ. ಅಪ್ಪ ಕೋಲು ಹಿಡಿದು ಓಡಿಸಿದರು. ಒಂದು ಕಂದು ನಾಯಿ ಮಾತ್ರ ಹೇಗೋ ನುಸುಳಿಕೊಂಡು ಬಂದು ಇವರ ಕುರ್ಚಿಯ ಕೆಳಗೆ ಮಲಗಿ ಕೈ ನೆಕ್ಕತೊಡಗಿತು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ಬಂದೆ. ತಲೆ ತಗ್ಗಿಸಿ ಬರಬೇಕು ಅಂತ ಅಮ್ಮ ಹೇಳಿಕೊಟ್ಟಿದ್ದಳು. ತಗ್ಗಿಸಿದ್ದಕ್ಕೇ ನಾಯಿ ಕಂಡದ್ದು. ನಗು ತಡೆಯಲಾರದೆ ತಟ್ಟೆ ಅಲ್ಲಾಡಿ ಉಪ್ಪಿಟ್ಟು ಚೆಲ್ಲಿತು. ಅದನ್ನೂ ನಾಯಿಯೇ ತಿಂದಿತು.

ಇವರು ಹೊರಟ ಮೇಲೆ ಅಮ್ಮ, "ಏನಂತೀರಿ?" ಅಂತ ಅಪ್ಪನನ್ನು ಕೇಳಿದಳು.

"ನಾನೇನನ್ಲಿ? ಬಟವಾಡಿ ನಾಯಿಗಳೆಲ್ಲ ಒಪ್ಕೊಂಡ್ಬುಟ್ಟವೆ. ಇನ್ನು ಬೇಡ ಅನ್ನೋಕೆ ನಾವ್ಯಾರೇ?" ಅಂದರು ಅಪ್ಪ.

ಹಾಡುವ ಚೀಲ

ಮದುವೆಯಾಗಿ ಕುಣಿಗಲ್ಲಿನ ಬಾಡಿಗೆ ಮನೆಗೆ ಬಂದೆ. ಮನೆಯಲ್ಲಿ ನಾವಿಬ್ಬರು, ನಮ್ಮತ್ತೆ. ಅತ್ತೆ ಗುಬ್ಬಿಯವರು. ಕೊರಳಲ್ಲಿ ಲಿಂಗ, ಬಾಯಲ್ಲಿ ವಚನ, ಕಣ್ಣಲ್ಲಿ ಕೆಂಡ. ಮಾವ ಬೇಗ ಹೋದ ಮೇಲೆ ಎಮ್ಮೆ ಕಟ್ಟಿ, ಹಾಲು ಹಾಕಿ ಮಗನನ್ನು ಓದಿಸಿದವರು. "ಮೇಷ್ಟ್ರಾಗ್ತಾನೆ ಅಂತ ಓದಿಸ್ದೆ. ಬೂಟು ಒರಸ್ತಾ ಕೂತವ್ನೆ" ಅನ್ನುವುದು ಅವರ ನಿತ್ಯದ ಸಂಕಟ.

ತೊಗಲು ಅನ್ನುವುದು ಅವರ ಹೊಸ್ತಿಲು ದಾಟುವ ಹಾಗಿರಲಿಲ್ಲ. ಮಗ ಕೆಲಸ ಮುಗಿಸಿ ಬಂದರೆ ಹಿತ್ತಿಲ ಬಾಗಿಲಿನಿಂದ ನೇರ ಬಚ್ಚಲಿಗೆ ಹೋಗಬೇಕು. ಮೈ ತೊಳೆದುಕೊಂಡ ಮೇಲೆಯೇ ಒಳಗೆ ಬರಬೇಕು, ತಟ್ಟೆಯ ಮುಂದೆ ಕೂರಬೇಕು. ನನ್ನ ಮೇಲೆ ಅವರಿಗಿದ್ದ ದೂರು ಒಂದೇ, ಮುದ್ದೆಯಲ್ಲಿ ಗಂಟು ಬರುತ್ತದೆ ಅಂತ. ಬಟವಾಡಿಯಲ್ಲಿ ಅನ್ನ ಉಂಡು ಬೆಳೆದವಳು ನಾನು, ಗಂಟು ಬರದೆ ಇನ್ನೇನು ಬಂದೀತು?

ನಮ್ಮ ಮನೆಯವರದು ಒಂದೇ ಒಂದು ಆಸೆ. ಅವ್ವ ಒಂದು ಸಲ ಲಾಯಕ್ಕೆ ಬಂದು ತಮ್ಮ ಜೀನಿನ ಕೋಣೆ ನೋಡಬೇಕು. ಬೇರೆಯವರು ಹೊಗಳಿದರೆ ಅವರಿಗೆ ಸಾಲದು. ಪ್ರತಿ ಆಯುಧಪೂಜೆಗೂ ಕರೆಯುವರು. "ಬಾರವ್ವ, ಒಂದ್ಸಲ ನೋಡ್ಕೊಂಡು ಹೋಗುವಂತೆ." ಪ್ರತಿ ಸಲವೂ ಒಂದೇ ಉತ್ತರ. "ಆ ಕೋಣೆಗೆ ನಾನು ಕಾಲಿಡಾಕಿಲ್ಲ. ಸುಮ್ಕೆ ಉಣ್ಣು."

ಒಂದು ದಿನ ಇವರಿಗೂ ರೇಗಿತು. ಅತ್ತೆಯ ಹತ್ತಿರ ಒಂದು ಟ್ರಾನ್ಸಿಸ್ಟರ್ ಇತ್ತು. ಬೆಳಗ್ಗೆ ಭಕ್ತಿಗೀತೆ ಬರುವಾಗ ಅದನ್ನು ತೊಡೆಯ ಮೇಲೆ ಮಗುವಿನಂತೆ ಕೂರಿಸಿಕೊಂಡು ಕೇಳುತ್ತಿದ್ದರು. ಪೂಜೆಯ ಗೂಡಿನ ಪಕ್ಕದಲ್ಲೇ ಅದರ ಜಾಗ.

"ಅವ್ವ, ಆ ರೇಡಿಯೋಗೆ ಹಾಕಿರೋ ಚೀಲ ಯಾವುದರದು ಗೊತ್ತಾ? ಅಪ್ಪಟ ತೊಗಲು. ಅದು ಒಳಗೆ ಇರಬೌದು, ನನ್ನ ಬೂಟು ಬರಬಾರ್ದಾ?" ಅಂದರು.

ಅತ್ತೆ ಚೀಲವನ್ನು ಒಮ್ಮೆ ಮುಟ್ಟಿ ನೋಡಿದರು. ಅವರು ರೇಡಿಯೋದ ಸದ್ದು ಇನ್ನಷ್ಟು ಜೋರು ಮಾಡಿ ಹೇಳಿದರು.

"ಇದು ವಚನ ಹೇಳ್ತದೆ ಕಣ್ಲಾ. ನಿನ್ನ ಬೂಟು ಒಂದು ವಚನ ಹೇಳ್ಲಿ, ನಾನೇ ಆರತಿ ಎತ್ತಿ ಒಳಕ್ಕೆ ಕರ್ಕೊತೀನಿ."

ಸತ್ಯಮಂಗಲದ ಸಾವು

ತುಮಕೂರಿನ ಸತ್ಯಮಂಗಲದಲ್ಲಿ ಹೊಸದಾಗಿ ಫ್ಯಾಕ್ಟರಿ ಹಾಕಿದ ಒಬ್ಬರು ಭಾನುವಾರ ಭಾನುವಾರ ಸವಾರಿ ಕಲಿಯುವುದಕ್ಕೆ ಬರುತ್ತಿದ್ದರು. ಹೊಸ ಬೂಟು ಹೊಲಿಸಿಕೊಂಡಿದ್ದರು. ಒಂದು ದಿನ ಮಳೆಯಲ್ಲಿ ನೆನೆದ ಆ ಬೂಟನ್ನು ಬೇಗ ಒಣಗಲಿ ಅಂತ ಸ್ನಾನದ ಹಂಡೆಯ ಒಲೆಯ ಮುಂದೆ ಇಟ್ಟುಬಿಟ್ಟರಂತೆ. ನೆಂದ ತೊಗಲನ್ನು ನೆರಳಲ್ಲಿ, ಒಳಗೆ ಕಾಗದ ತುರುಕಿ, ಗಾಳಿಗೆ ಆರಲು ಬಿಡಬೇಕು. ಬೆಂಕಿಗೆ ಇಟ್ಟರೆ ಅದರ ಜೀವ ಹೋಗುತ್ತದೆ. ಬೆಳಗಾಗುವಷ್ಟರಲ್ಲಿ ಬೂಟು ಕರಿದ ಹಪ್ಪಳವಾಗಿತ್ತು.

ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನಮ್ಮ ಮನೆಗೇ ಬಂದರು. ಒಳಗೆ ತರುವ ಹಾಗಿಲ್ಲವಲ್ಲ, ಇವರು ಬೀದಿಯ ಜಗಲಿಯ ಮೇಲೇ ಗಂಟು ಬಿಚ್ಚಿ ನೋಡಿ ಹಾಗೇ ಕುಸಿದು ಕೂತರು.

"ಯಾವಾಗಾಯ್ತು ಸಾರ್?"

"ನಿನ್ನೆ ಬೆಳಗ್ಗೆ."

"ಹತ್ತಿರ ಯಾರಿದ್ರು?"

"ಯಾರೂ ಇರ್ಲಿಲ್ಲಪ್ಪ. ಇದ್ದಿದ್ರೆ ಹಿಂಗಾಗ್ತಿತ್ತಾ?"

"ಇನ್ನೂ ಎಳೇದು ಸಾರ್. ಎಷ್ಟು ವರ್ಷ ಬಾಳಬೇಕಾಗಿತ್ತು."

ಇವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಒಳ್ಳೆಯ ತೊಗಲು ಹಾಳಾದರೆ ಇವರು ಹಾಗೇ. ಗೋಡೆಯಾಚೆ ನಮ್ಮ ಮನೆ ಓನರಮ್ಮ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದಲ್ಲ, ಪುಣ್ಯಾತಗಿತ್ತಿ ನಮಗೆಲ್ಲ ಒಂದು ಬೋಗುಣಿ ತುಂಬ ಉಪ್ಪಿಟ್ಟು ಕೆದಕಿಕೊಂಡು ಕಣ್ಣೊರೆಸಿಕೊಳ್ಳುತ್ತ ಬಂದರು. "ಯಾರಮ್ಮ ಹೋಗಿದ್ದು?" ಅಂತ ಅವರು ಕೇಳಿದಾಗ ಅತ್ತೆ ಬೋಗುಣಿ ಇಸಕೊಂಡು ಹೇಳಿದರು.

"ಅವರ ಕಡೆಯೋರು ಬುಡಮ್ಮ, ಜೋಡೀಲೇ ಹೋದ್ರಂತೆ."

ಮೇಷ್ಟ್ರ ಮಂಡಿ

ಆ ಓನರಮ್ಮನ ಯಜಮಾನರು ರಿಟೈರಾದ ಮೇಷ್ಟ್ರು. ಮಡಿ ಅಂದರೆ ಮಡಿ. ಹೋಟೆಲಿನ ಕಾಫಿ ಕೂಡ ಕುಡಿಯುವವರಲ್ಲ. ಎರಡು ಮಂಡಿಯೂ ಹಿಡಿದುಕೊಂಡು, ಕೂತರೆ ಏಳಲಾರರು, ಎದ್ದರೆ ಕೂರಲಾರರು. ಒಂದು ಸಂಜೆ ಇವರು ಹಿತ್ತಿಲ ಕಲ್ಲಿನ ಮೇಲೆ ಕೂತು ಮರದ ಹಾಗೆ ಸೆಟೆದಿದ್ದ ಒಂದು ಪಟ್ಟಿಗೆ ಎಣ್ಣೆ ತೀಡುತ್ತಿದ್ದರು. ಮೇಷ್ಟ್ರು ಗೋಡೆಯ ಮೇಲಿಂದ ನೋಡಿದರು. ಮಾರನೆಯ ದಿನ ನೋಡಿದರೆ ಅದೇ ಪಟ್ಟಿ ಬಾಳೆಲೆಯಂತೆ ಬಳುಕುತ್ತಿದೆ.

"ಅಪ್ಪಯ್ಯ, ಅಂಥಾ ಪಟ್ಟೀನೇ ಮೆತ್ತಗಾಗ್ತದೆ ಅಂದ್ಮೇಲೆ ನನ್ನ ಮಂಡಿ ಯಾವ ಲೆಕ್ಕ? ಒಂದಿಷ್ಟು ಕೊಡಪ್ಪ" ಅಂದರು.

"ಮೇಷ್ಟ್ರೇ, ಅದು ಮನುಷ್ಯರಿಗಲ್ಲ" ಅಂತ ಇವರು ಎಷ್ಟು ಹೇಳಿದರೂ ಕೇಳಲಿಲ್ಲ. ಸಣ್ಣ ಸೀಸೆಯಲ್ಲಿ ಒಂದಿಷ್ಟು ಇಸಕೊಂಡು ಹೋದರು. ಎಣ್ಣೆಯ ಗುಣವೋ, ದಿನಾ ಓನರಮ್ಮ ಗಟ್ಟಿಯಾಗಿ ತಿಕ್ಕಿದ ಗುಣವೋ, ವಾರದಲ್ಲಿ ಬಲಮಂಡಿ ಸಡಿಲವಾಯಿತು. ಮೇಷ್ಟ್ರು ಕೆರೆ ಏರಿಯ ಮೇಲೆ ವಾಕಿಂಗ್ ಶುರು ಮಾಡಿದರು. ಸಿಕ್ಕಿದವರಿಗೆಲ್ಲ, "ಯಾವುದೋ ದಿವ್ಯವಾದ ಗಿಡಮೂಲಿಕೆ" ಅಂತ ಬಣ್ಣಿಸಿದರು.

ಒಂದು ದಿನ ಬಂದು, "ಯಾವ ಗಿಡ ಹೇಳು, ಹಿತ್ತಲಲ್ಲಿ ನೆಡಿಸ್ತೀನಿ" ಅಂತ ಪಟ್ಟು ಹಿಡಿದರು. ಇವರಿಗೆ ಸುಳ್ಳು ಹೇಳಲು ಬಾರದು. ತಲೆ ಕೆರೆದುಕೊಂಡು, ದನದ ಮೂಳೆ, ಗೊರಸು, ಕುದಿಸುವುದು, ಎಲ್ಲವನ್ನೂ ಹೇಳಿಬಿಟ್ಟರು. ಮೇಷ್ಟ್ರ ಮುಖದ ಬಣ್ಣ ಹೋಯಿತು. ತಮ್ಮ ಬಲಮಂಡಿಯನ್ನು ಬೇರೆಯವರ ಮಂಡಿಯಂತೆ ನೋಡಿದರು. ಆಮೇಲೆ ಅತ್ತ ಇತ್ತ ನೋಡಿ, ದನಿ ತಗ್ಗಿಸಿದರು.

"ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ. ತಿಳೀತಾ? ಎಡಮಂಡಿ ಇನ್ನೂ ಹಂಗೇ ಅದೆ, ಇನ್ನೊಂಚೂರು ಕೊಡು."

ರಾಜರ ವೈರಾಗ್ಯ

ನಮ್ಮತ್ತೆಯ ತಮ್ಮ ಗುಬ್ಬಿಯಲ್ಲಿ ದನದ ಆಸ್ಪತ್ರೆಯ ಕಾಂಪೌಂಡರ್. ಗುಬ್ಬಿಯವರಿಗೆ ನಾಟಕದ ಹುಚ್ಚು ಇರುವುದು ಸಹಜ, ನಮ್ಮ ಮನೆಯವರ ಈ ಸೋದರಮಾವನಿಗೆ ಒಂದು ಪಟ್ಟು ಹೆಚ್ಚು. ಊರಿನ ಗೆಳೆಯರೆಲ್ಲ ಸೇರಿ ಒಂದು ಭಾನುವಾರ ಮಧ್ಯಾಹ್ನ ಶಾಲೆಯ ಅಂಗಳದಲ್ಲಿ ನಾಟಕ ಇಟ್ಟುಕೊಂಡರು. ಮಾವಂದು ರಾಜನ ಪಾತ್ರ. "ಲೋ ಅಳಿಯ, ರಾಜ ಅಂದ್ಮೇಲೆ ಬೂಟು ಬ್ಯಾಡ್ವೇನೋ?" ಅಂತ ದುಂಬಾಲು ಬಿದ್ದರು.

ಲಾಯದ ಮೂಲೆಯಲ್ಲಿ ಯಾರಿಗೂ ಬೇಡವಾದ ಒಂದು ಹಳೆಯ ಜೊತೆ ಇತ್ತು. ಇವರು ಸಾಹೇಬರನ್ನು ಕೇಳಿ, ಅದನ್ನು ತಿದ್ದಿ ತೀಡಿ ಮುಖ ಕಾಣುವ ಹಾಗೆ ಹೊಳೆಸಿದರು. ಜೊತೆಗೆ ಬೂಟು ತೆಗೆಯುವ ಒಂದು ಹಲಗೆ ಕೊಟ್ಟರು. ಅದರ ತುದಿಯಲ್ಲಿ ಒಂದು ಕಚ್ಚು, ಅದಕ್ಕೆ ಹಿಮ್ಮಡಿ ಸಿಕ್ಕಿಸಿ ಎಳೆದರೆ ಉದ್ದ ಬೂಟು ಕಳಚಿ ಬರುತ್ತದೆ. "ಒಳಗೆ ಪೌಡರ್ ಹಾಕ್ಕೊ ಮಾವ, ಹಲಗೆ ಮರೀಬೇಡ" ಅಂತ ಹೇಳಿಯೇ ಕೊಟ್ಟರು. ಮಾವ ಪೌಡರನ್ನು ಮುಖಕ್ಕೆ ಹಾಕಿಕೊಂಡರು, ಹಲಗೆಯನ್ನು ಮನೆಯಲ್ಲಿ ಬಿಟ್ಟುಬಂದರು.

ಮೊದಲ ಅಂಕದಲ್ಲಿ ರಾಜ ಟಪಟಪ ನಡೆದು ಬಂದಾಗ ಚಪ್ಪಾಳೆಯೋ ಚಪ್ಪಾಳೆ. ಬಿಸಿಲು, ಬೆವರು. ಕಾಲು ಬೂಟಿನೊಳಗೆ ಉಬ್ಬಿತು. ಕೊನೆಯ ಅಂಕದಲ್ಲಿ ರಾಜನಿಗೆ ವೈರಾಗ್ಯ ಬರುತ್ತದೆ. ಕಾವಿ ಉಟ್ಟು ಕಾಡಿಗೆ ಹೋಗಿ ಶಿವಲಿಂಗದ ಮುಂದೆ ಕೂರಬೇಕು. ಪರದೆ ಎದ್ದಿತು. ಮೇಲೆ ಕಾವಿ, ಕೊರಳಲ್ಲಿ ರುದ್ರಾಕ್ಷಿ, ಕೆಳಗೆ ಮಿರಮಿರ ಮಿಂಚುವ ಸವಾರಿ ಬೂಟು.

"ರಾಜ್ಯವನ್ನು ಬಿಟ್ಟೆ! ಕೋಶವನ್ನು ಬಿಟ್ಟೆ! ಸಕಲವನ್ನೂ ಬಿಟ್ಟೆ!" ಅಂತ ಮಾವ ಕೈ ಚಾಚಿದರು.

ಮುಂದಿನ ಸಾಲಿನಲ್ಲಿದ್ದ ನಮ್ಮತ್ತೆಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಲೇಯ್, ಶಿವನ ಮುಂದೆ ಕೂತ್ಕೊತಾ ಇದೀಯ! ಮೊದ್ಲು ಬೂಟು ಬಿಚ್ಲಾ!" ಅಂತ ಕೂಗಿದರು.

ರಾಜರು ಸ್ಟೇಜಿನ ಮೇಲಿಂದ ಅಳುಮುಖ ಮಾಡಿಕೊಂಡು, "ಬರ್ತಾ ಇಲ್ಲ ಕಣಕ್ಕೋ!" ಅಂದರು.

ಕೊನೆಗೆ ನಮ್ಮ ಮನೆಯವರೇ ಸ್ಟೇಜು ಹತ್ತಿದರು. ಹಲಗೆ ಇಲ್ಲದಿದ್ದರೆ ಬೂಟು ತೆಗೆಯುವ ರೀತಿ ಬೇರೆ. ಎಳೆಯುವವನು ಬೆನ್ನು ತಿರುಗಿಸಿ ಬೂಟನ್ನು ತೊಡೆಗಳ ನಡುವೆ ಹಿಡಿಯಬೇಕು, ತೊಟ್ಟವನು ಇನ್ನೊಂದು ಕಾಲಿನಿಂದ ಅವನ ಹಿಂಭಾಗಕ್ಕೆ ಒದೆಯಬೇಕು. ವಿರಾಗಿಯಾದ ರಾಜರು ಅಳಿಯನಿಗೆ ಬಲವಾಗಿ ಒದ್ದರು. ಬೂಟಿನ ಸಮೇತ ಇವರು ಹೋಗಿ ಕಾಡಿನ ಪರದೆಗೆ ಬಡಿದುಕೊಂಡರು. ಅಂಗಳವೆಲ್ಲ ಎದ್ದು ನಿಂತು "ಒನ್ಸ್ ಮೋರ್!" ಅಂತ ಕೂಗಿತು. ಪುಣ್ಯಕ್ಕೆ ಇನ್ನೊಂದು ಬೂಟು ಬಾಕಿ ಇತ್ತು.

ಗೇಟಿನಾಚೆ

ಒಂದು ಮಳೆಗಾಲದಲ್ಲಿ ಇವರು ಜ್ವರ ಬಂದು ಹಾಸಿಗೆ ಹಿಡಿದರು. ಜ್ವರಕ್ಕಿಂತ ಹೆಚ್ಚಾಗಿ ಜೀನುಗಳ ಚಿಂತೆ. ಥಂಡಿಗೆ ತೊಗಲಿನ ಮೇಲೆ ಬೆಳ್ಳಗೆ ಬೂಷ್ಟು ಹಿಡಿಯುತ್ತದೆ. "ಸೈಸರಿಗೆ ಬುಟ್ರೆ ಕೊಡಗಟ್ಲೆ ನೀರು ಹುಯ್ದು ತೊಳೀತಾರೆ ಕಣೇ" ಅಂತ ಕನವರಿಸುತ್ತಿದ್ದರು. ಸೈಸರು ಅಂದರೆ ಕುದುರೆ ನೋಡಿಕೊಳ್ಳುವವರು. ಅವರಿಗೆ ಕುದುರೆಯೂ ಒಂದೇ, ಜೀನೂ ಒಂದೇ, ಎರಡನ್ನೂ ತೊಳೆಯುವುದೇ. ನಾನೇ ಹೋಗುತ್ತೇನೆ ಅಂದೆ. ಅತ್ತೆ ಛತ್ರಿ ಹಿಡಿದು ಹೊರಟರು. "ನಾನು ಗೇಟಿನ ತಂಕ. ಒಳಕ್ಕೆ ಬರಾಕಿಲ್ಲ."

ಜೀನುಗಳನ್ನು ಅಂಗಳದ ಕಲ್ಲು ಬೆಂಚಿಗೆ ತರಿಸಿ ಕೆಲಸ ಶುರು ಮಾಡಿದೆ. ಅತ್ತೆ ಗೇಟಿನಾಚೆ ಹೊಂಗೆ ಮರದ ಕೆಳಗೆ ನಿಂತರು. ಅಲ್ಲಿಂದ ಶುರುವಾಯಿತು ನೋಡಿ.

"ಮೊದ್ಲು ಒಣಬಟ್ಟೆಲಿ ಬೂಷ್ಟು ಒರಸೇ! ಆ ಬಟ್ಟೆನ ಇನ್ನೊಂದಕ್ಕೆ ಮುಟ್ಟಿಸ್ಬ್ಯಾಡ! ಸೋಪು ಹಾಕ್ದಾ? ನೊರೆ ಬಂತಾ?"

"ಬಂತು ಅತ್ತೆ!"

"ಹಂಗಾದ್ರೆ ನೀರು ಜಾಸ್ತಿಯಾಯ್ತು! ಮುದ್ದೇನೂ ಹಿಂಗೇ ಕೆಡಿಸ್ತೀಯ! ಬಟ್ಟೆ ಹಿಂಡು! ಎಣ್ಣೆ ಒಳಮೈಗೆ ಹಚ್ಚು, ಹೊಲಿಗೆ ಮೇಲೆ ಹುಯ್ಬ್ಯಾಡ, ದಾರ ಕೊಳೀತದೆ!"

ಸೈಸರೆಲ್ಲ ಕೆಲಸ ಬಿಟ್ಟು ಕೇಳುತ್ತ ನಿಂತರು. ಸಾಹೇಬರು ಕಿಟಕಿಯಿಂದ ಇಣುಕಿ, "ಯಾರು ಅದು, ಲಾಯಕ್ಕೆ ಬಂದ ಹೊಸ ಸೂಪರ್‌ವೈಸರ್ ಮೇಡಮ್ಮಾ?" ಅಂತ ನನ್ನನ್ನು ಕೇಳಿದರು.

ಮನೆಗೆ ಬಂದ ಕೂಡಲೇ ಇವರು ತಲೆಯೆತ್ತಿ, "ಅವ್ವ ಒಳಗೆ ಬಂದ್ಲಾ?" ಅಂದರು. ಇಲ್ಲ ಅಂದೆ. ಗೋಡೆಯ ಕಡೆ ತಿರುಗಿ ಮಲಗಿದರು. ಅಡುಗೆಮನೆಗೆ ಹೋಗಿ ಅತ್ತೆಯನ್ನು ಕೇಳಿಯೇ ಬಿಟ್ಟೆ. "ತೊಗಲು ಅಂದ್ರೆ ಆಗಲ್ಲ ಅಂತೀರಿ, ಇಷ್ಟೆಲ್ಲ ಹೆಂಗೆ ಗೊತ್ತು ನಿಮಗೆ?"

"ಗೊತ್ತು ಏನ್ಬಂತು? ಉಣ್ಣಾಕೆ ಕೂತಾಗೆಲ್ಲ ಅವ್ನು ಅದನ್ನೇ ಒದರ್ತಾನೆ. ಇಷ್ಟು ವರ್ಷ ಕಿವಿ ಮುಚ್ಕೊಂಡು ಕೇಳಿವ್ನಿ ನಾನು."

ಕರೆಯದ ವರ್ಷ

ಎಂಬತ್ತರ ದಶಕದ ನಡುವೆ ಸಾಹೇಬರಿಗೆ ವಯಸ್ಸಾಯಿತು. ಕುದುರೆಗಳನ್ನು ಬೆಂಗಳೂರಿನವರಿಗೆ ಕೊಟ್ಟು ಲಾಯ ಮುಚ್ಚುವುದು ಅಂತ ತೀರ್ಮಾನವಾಯಿತು. ನಾವು ತುಮಕೂರಿನ ಮರಳೂರಿನಲ್ಲಿ ಬ್ಯಾಗು, ಬೆಲ್ಟು ರಿಪೇರಿಯ ಒಂದು ಅಂಗಡಿ ಹಾಕುವುದು ಅಂತ ಆಯಿತು. ಅದೇ ಕಡೆಯ ಆಯುಧಪೂಜೆ. ಅತ್ತೆ ಈ ಸಲ ಬರದಿದ್ದರೆ ಮುಂದೆ ನೋಡಲು ಕೋಣೆಯೇ ಇರುವುದಿಲ್ಲ. ಇವರು ಮಾತ್ರ ಆ ವರ್ಷ ಕರೆಯಲೇ ಇಲ್ಲ. ಸುಮ್ಮನೆ ಊಟ ಮಾಡಿ ಏಳುತ್ತಿದ್ದರು.

ಹಬ್ಬದ ಬೆಳಗ್ಗೆ ಅತ್ತೆಯೇ ಕೆಣಕಿದರು. "ಯಾಕ್ಲಾ, ಈ ಸಲ ಕರಿಯಾಕಿಲ್ವಾ?"

"ಕರೆದ್ರೆ ಬರ್ತೀಯಾ?"

"ಬರಾಕಿಲ್ಲ. ಅದ್ಕೇಂತ ಕರಿಯೋದು ಬುಟ್ಬುಡ್ತಾರಾ?"

ಇವರು ಲಾಯಕ್ಕೆ ಹೊರಟುಹೋದರು. ಅತ್ತೆ ಸ್ವಲ್ಪ ಹೊತ್ತು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡರು. ಆಮೇಲೆ ವಿಭೂತಿಯ ಗಟ್ಟಿ, ಹೂವು ತಟ್ಟೆಗೆ ಹಾಕಿಕೊಂಡು, "ನಡಿಯೇ. ಕುದುರೆಗೆ ಪೂಜೆ ಮಾಡ್ಕೊಂಡು ಬರಾನ. ಕುದುರೆ ಏನ್ ಪಾಪ ಮಾಡೈತೆ?" ಅಂದರು.

ಕುದುರೆಗಳಿಗೆ ಪೂಜೆ ಆಯಿತು. ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅತ್ತೆಗೆ ಆಗಲೇ ಕಣ್ಣಿಗೆ ಪೊರೆ ಬಂದಿತ್ತು. ನೆರಳು ಹುಡುಕಿಕೊಂಡು ಹತ್ತಿರದ ಬಾಗಿಲು ಹೊಕ್ಕರು. ಅದು ಯಾವ ಬಾಗಿಲು ಅಂತ ನನಗೆ ಗೊತ್ತಿತ್ತು. ನಾನು ಬಾಯಿ ಬಿಡಲಿಲ್ಲ.

ಜೀನಿನ ಕೋಣೆ ಮಬ್ಬುಗತ್ತಲು. ನಡುವೆ ಮರದ ಸ್ಟ್ಯಾಂಡಿನ ಮೇಲೆ ಸಾಹೇಬರ ದೊಡ್ಡ ಕಪ್ಪು ಜೀನು, ಮುಂದೆ ದೀಪ. ಇವರು ಅದಕ್ಕೆ ಸೇವಂತಿಗೆ ಹಾರ ಹಾಕಿದ್ದರು. ಕುಂಕುಮ ತಾಗಿದರೆ ಕಲೆ ಬೀಳುತ್ತದೆ ಅಂತ ವೀಳ್ಯದೆಲೆಯ ಮೇಲೆ ಇಟ್ಟಿದ್ದರು. ತೊಗಲಿಗೆ ನೇರವಾಗಿ ಒಂದು ಚಿಟಿಕೆ ಮುಟ್ಟಿಸಿದರೂ ಸೈಸರ ಮೇಲೆ ಹರಿಹಾಯುತ್ತಿದ್ದರು. ಮುಂದೆ ಉಬ್ಬು, ನಡುವೆ ತಗ್ಗಿದ ಬೆನ್ನು, ಮಿರುಗುವ ಕಪ್ಪು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಮುಖ ಅರಳಿತು.

"ಅಯ್ಯೋ ಶಿವನೇ, ಇಲ್ಲಿ ಬಸವಣ್ಣನ್ನ ಇಟ್ಟವ್ರೆ, ಒಬ್ರಾದ್ರೂ ಹೇಳ್ಬಾರ್ದಾ!"

ನಾವು ತಡೆಯುವ ಮೊದಲೇ ಬೆರಳಿಗೆ ವಿಭೂತಿ ತೀಡಿಕೊಂಡು ಜೀನಿನ ಮೇಲೆ ಮೂರು ಗೆರೆ ಎಳೆದು, ಹಣೆ ಮುಟ್ಟಿಸಿ ನಮಸ್ಕಾರ ಮಾಡಿದರು. ಇವರು ಕಲ್ಲಾಗಿ ನಿಂತಿದ್ದರು. ಮೂಲೆಯಲ್ಲಿದ್ದ ಸಾಹೇಬರು ಮೆಲ್ಲಗೆ ಟೋಪಿ ತೆಗೆದರು. ಅತ್ತೆ ಅಂಗೈ ಸವರಿದರು. ಕೈ ತಟಕ್ಕನೆ ನಿಂತಿತು.

"ಕಲ್ಲಲ್ವಲ್ಲೋ ಇದು?"

"ಅಲ್ಲ ಕಣವ್ವ" ಅಂದರು ಇವರು. "ಜೀನು."

"ಯಾತರ ತೊಗಲು?"

"ಎತ್ತಿಂದು."

ಅತ್ತೆ ಕೈ ತೆಗೆಯಲಿಲ್ಲ. ಏನೋ ಯೋಚಿಸಿದರು.

"ಮತ್ತೆ? ಎತ್ತು ಅಂದ್ಮೇಲೆ ಬಸವಣ್ಣನೇ ಅಲ್ವಾ? ನಾನಂದದ್ರಲ್ಲಿ ತಪ್ಪೇನೈತೆ?"

ಅಂದವರೇ ಮತ್ತೆ ಸವರಿದರು, ಈ ಸಲ ನಿಧಾನವಾಗಿ. ಉಬ್ಬು, ತಗ್ಗು, ಹೊಲಿಗೆಯ ಸಾಲು. "ಎಷ್ಟು ನುಣ್ಣಗೆ ಮಡಗಿದೀಯೋ ಮಗನೇ" ಅಂದರು. ನಮ್ಮ ಮನೆಯವರು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟರು. ನನ್ನ ಕಣ್ಣಲ್ಲೂ ನೀರು ಬಂತು. ಆ ಮೂರು ಗೆರೆಯನ್ನು ಇವರು ಒರೆಸಲಿಲ್ಲ. ಜೀನು ಹಾಗೆಯೇ ಸಾಹೇಬರ ಜೊತೆ ಹೋಯಿತು.

ಮನೆಗೆ ಬಂದ ತಕ್ಷಣ ನಾನು ಅಭ್ಯಾಸಬಲದಿಂದ ಹಂಡೆಗೆ ಉರಿ ಹಾಕಲು ಓಡಿದೆ. "ನೀರು ಕಾಯಿಸ್ತೀನಿ ಅತ್ತೆ, ಸ್ನಾನ ಮಾಡುವಿರಂತೆ" ಅಂದೆ.

ಅತ್ತೆ ಹಿತ್ತಿಲ ಬಾಗಿಲ ಕಡೆ ತಿರುಗಿಯೂ ನೋಡದೆ, ಬೀದಿ ಬಾಗಿಲಿನಿಂದಲೇ ಮಗನ ಕೈ ಹಿಡಿದು ಹೊಸ್ತಿಲು ದಾಟಿಸಿಕೊಂಡು ಒಳಗೆ ಬಂದರು.

"ಬಸವಣ್ಣನ್ನ ಮುಟ್ಟಿ ಬಂದವ್ರು ಯಾರಾರಾ ಮೈ ತೊಳ್ಕೊತಾರೇನೇ? ಹೋಗಿ ಮುದ್ದೆಗೆ ಎಸರಿಡು. ಅವ್ನು ಜೀನು ತಿಕ್ಕಿದಂಗೆ ತಿರುವು, ಗಂಟಾಗಾಕಿಲ್ಲ."